ನಮ್ಮ ಕಡೆಯ ಉಕ್ಕಿನಿಂದ ದೊಡ್ಡ ವಿಮಾನ ಯಾಕೆ ಕಟ್ಟುವುದಿಲ್ಲ?

ಪ್ರಶ್ನೆ: ಸರ್, ನನ್ನದು ತೋರಣಗಲ್ಲು ಹತ್ತಿರದ ಹಳ್ಳಿ. ಐಟಿಐ ಫಿಟ್ಟರ್ ಮುಗಿಸಿ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದೇನೆ. ಬೆಂಗಳೂರಿಗೆ ಹೋದಾಗ ಎರಡು ಅಂತಸ್ತಿನ ಏರ್‌ಬಸ್ ಎ380 ಇಳಿಯುವುದನ್ನು ನೋಡಿದೆ. ಅಷ್ಟು ದೊಡ್ಡದನ್ನು ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ಕಿನಂಥ ವಸ್ತುವಿನಿಂದ ಕಟ್ಟುತ್ತಾರಂತೆ. ಅಲ್ಯೂಮಿನಿಯಂ ಪಾತ್ರೆ ಕೈಜಾರಿ ಬಿದ್ದರೆ ಸೊಟ್ಟ ಆಗುತ್ತದೆ. ಉಕ್ಕು ಎಷ್ಟೋ ಗಟ್ಟಿ. ನಮ್ಮ ಕಡೆ ಅದಿರಿಗೂ ಉಕ್ಕಿಗೂ ಬರ ಇಲ್ಲ. ಉಕ್ಕಿನಲ್ಲೇ ಯಾಕೆ ಕಟ್ಟಲ್ಲ? ಇನ್ನೊಂದು, ಅಷ್ಟು ಭಾರ ಎತ್ತಲು ಎಂಜಿನ್ ಎಂಥದ್ದಿರಬೇಕು?

ಉತ್ತರ:

ಈ ಪ್ರಶ್ನೆ ಓದಿ ನನಗೆ ತುಂಬಾ ಖುಷಿ ಆಯಿತು. ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಲ್ಯಾಬ್‌ಗಳಲ್ಲಿ ಇಪ್ಪತ್ತಾರು ವರ್ಷ ದುಡಿದು, ಈಗ ಬಳ್ಳಾರಿಯಲ್ಲಿದ್ದೇನೆ. ಇಷ್ಟು ವರ್ಷದಲ್ಲಿ ಎಂಜಿನಿಯರಿಂಗ್ ಓದಿದವರೂ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ್ದು ಕಡಿಮೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಅಡುಗೆ ಎಣ್ಣೆಯ ಖಾಲಿ ಡಬ್ಬ ಇರುತ್ತದಲ್ಲ, 15 ಕೆ.ಜಿ.ಯದು, ಅದರ ಪಕ್ಕದ ತಗಡನ್ನು ಹೆಬ್ಬೆರಳಿನಿಂದ ಒತ್ತಿ. ಟಕ್ ಅಂತ ಒಳಗೆ ಹೋಗುತ್ತದೆ. ಬಿಟ್ಟರೆ ಟಕ್ ಅಂತ ಹೊರಗೆ ಬರುತ್ತದೆ. ಆ ತಗಡು ಉಕ್ಕೇ, ಮೇಲೆ ತವರದ ಲೇಪ ಅಷ್ಟೆ. ಎಳೆದು ಹರಿಯಲು ಹೋದರೆ ನಿಮ್ಮ ಕೈಯಲ್ಲಿ ಆಗಲ್ಲ. ಆದರೆ ಒತ್ತಿದರೆ ಸುಮ್ನೆ ಒಳಗೆ ಕುಸಿಯುತ್ತದೆ. ಇಲ್ಲಿ ಸೋತದ್ದು ಉಕ್ಕಿನ ಗಟ್ಟಿತನ ಅಲ್ಲ, ತಗಡಿನ ದಪ್ಪ ಸಾಲದೇ ಹೋಯಿತು.

ವಿಮಾನದ ಮೈ ಅಂದರೆ ಒಂದು ದೊಡ್ಡ ಡಬ್ಬ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಆಗ ರೆಕ್ಕೆಯ ಕೆಳಗಿನ ಹಾಳೆಗೆ ಎಳೆತ, ಮೇಲಿನ ಹಾಳೆಗೆ ಒತ್ತಡ. ಒತ್ತಡಕ್ಕೆ ಸಿಕ್ಕಿದ ಹಾಳೆ ಎಣ್ಣೆ ಡಬ್ಬದ ಹಾಗೆ ಮಡಚಿಕೊಳ್ಳಬಾರದು. ಈಗ ಲೆಕ್ಕ ನೋಡಿ. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗುತ್ತದೆ, ವಿಮಾನದ ಅಲ್ಯೂಮಿನಿಯಂ 2.8 ಗ್ರಾಂ. 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆಯಷ್ಟೇ ತೂಕದಲ್ಲಿ ಉಕ್ಕಿನ ಹಾಳೆ ಬೇಕು ಅಂದರೆ ಅದು 0.7 ಮಿ.ಮೀ. ಆಗಿಬಿಡುತ್ತದೆ. ಹಾಳೆ ಮಡಚದೆ ನಿಲ್ಲುವ ಶಕ್ತಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಉಕ್ಕಿನ ಬಿಗುವು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಅನ್ನುವುದನ್ನೂ ಲೆಕ್ಕಕ್ಕೆ ತಗೊಂಡರೂ, ಅದೇ ತೂಕದಲ್ಲಿ ಅಲ್ಯೂಮಿನಿಯಂ ಹಾಳೆ ಏಳೆಂಟು ಪಟ್ಟು ಗಟ್ಟಿಯಾಗಿ ನಿಲ್ಲುತ್ತದೆ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇದೇ.

ಪಾತ್ರೆ ಸೊಟ್ಟ ಆಗುವ ಮಾತಿಗೆ ಬರೋಣ. ಅಡುಗೆಮನೆಯದ್ದು ಹೆಚ್ಚುಕಡಿಮೆ ಶುದ್ಧ ಅಲ್ಯೂಮಿನಿಯಂ, ಬಹಳ ಮೆತ್ತಗೆ. ವಿಮಾನದ್ದು ಬೇರೆ. ಅದಕ್ಕೆ ಸತು, ಮೆಗ್ನೀಸಿಯಂ, ತಾಮ್ರ ಸೇರಿಸಿ, ಕಾಯಿಸಿ, ನೀರಿಗೆ ಅದ್ದಿ, ಮತ್ತೆ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಈ ಗುಟ್ಟು ಮೊದಲು ಸಿಕ್ಕಿದ್ದು 1906ರ ಸುಮಾರಿಗೆ, ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಅವರಿಗೆ. ಕಾಯಿಸಿ ತಣಿಸಿದ ಮಿಶ್ರಲೋಹವನ್ನು ಒಂದೆರಡು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರೆ, ಅದು ತಾನಾಗಿಯೇ ಗಟ್ಟಿಯಾಗಿತ್ತು! ಇವತ್ತು 7075 ಅನ್ನುವ ನಂಬರಿನ ಅಲ್ಯೂಮಿನಿಯಂ ಸುಮಾರು 500 ಮೆಗಾಪ್ಯಾಸ್ಕಲ್ ಎಳೆತ ತಡೆಯುತ್ತದೆ. ಮನೆ ಕಟ್ಟುವಾಗ ಎಫ್‌ಇ 500 ಅಂತ ಕಂಬಿ ತರುತ್ತೀರಲ್ಲ, ಆ 500 ಕೂಡ ಇದೇ 500. ಅಂದರೆ ಕಂಬಿಯಷ್ಟೇ ಗಟ್ಟಿ, ತೂಕ ಮಾತ್ರ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ.

ಹಾಗಂತ ಉಕ್ಕಿನ ವಿಮಾನವನ್ನು ಯಾರೂ ಕಟ್ಟಲೇ ಇಲ್ಲ ಅಂತಲ್ಲ. ನಮ್ಮ ವಾಯುಪಡೆಯಲ್ಲೇ ಒಂದು ಇತ್ತು. ಮಿಗ್-25. ಅದರ ಮೈಯಲ್ಲಿ ನೂರಕ್ಕೆ ಸುಮಾರು 80 ಪಾಲು ಉಕ್ಕು, ನಿಕಲ್ ಬೆರೆಸಿದ್ದು, ಬೆಸುಗೆ ಹಾಕಿ ಕಟ್ಟಿದ್ದು. 1981ರಿಂದ 2006ರವರೆಗೆ ನಮ್ಮಲ್ಲಿ ಹಾರಿತು. ಅದು ಶಬ್ದದ ಎರಡೂವರೆ ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಹೋಗುವಾಗ ಗಾಳಿಯ ಒತ್ತಡಕ್ಕೆ ಮೈ ಕಾದು ಅಲ್ಯೂಮಿನಿಯಂ ಮೆತ್ತಗಾಗುವ ಮಟ್ಟ ಮುಟ್ಟುತ್ತಿತ್ತು. ಅದಕ್ಕೇ ಉಕ್ಕು. ಅದು ಎಣ್ಣೆ ಕುಡಿಯುವುದರಲ್ಲೂ ಹೆಸರುವಾಸಿ. ಪ್ರಯಾಣಿಕರ ವಿಮಾನಕ್ಕೆ ಅಂಥ ವೇಗವೂ ಬೇಡ, ಅಂಥ ಖರ್ಚೂ ಕೂಡಿಬರಲ್ಲ.

ಈಗ ಗಾತ್ರದ ಮಾತು. ನೀವು ನೋಡಿದ ಎ380 ಪೂರ್ತಿ ತುಂಬಿ ಹೊರಟರೆ 575 ಟನ್ ತೂಗಬಹುದು. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಬರೀ ಎಣ್ಣೆ. ಟ್ಯಾಂಕುಗಳಲ್ಲಿ ಸುಮಾರು 3.2 ಲಕ್ಷ ಲೀಟರ್ ಹಿಡಿಯುತ್ತದೆ, 20 ಸಾವಿರ ಲೀಟರಿನ ಹದಿನಾರು ಟ್ಯಾಂಕರ್ ಲಾರಿ. ರೆಕ್ಕೆಯ ಒಟ್ಟು ವಿಸ್ತೀರ್ಣ 845 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಎಂಟು ಗುಂಟೆಗಿಂತ ಸ್ವಲ್ಪ ಜಾಸ್ತಿ ಹೊಲ. ಭಾಗಿಸಿ ನೋಡಿ, ಒಂದೊಂದು ಚದರ ಮೀಟರ್ ರೆಕ್ಕೆ 680 ಕೆ.ಜಿ. ಹೊರಬೇಕು. ಗಂಗಾವತಿಯಿಂದ ಬರುವ 50 ಕೆ.ಜಿ.ಯ ಅಕ್ಕಿ ಚೀಲ ಹದಿಮೂರು, ಹದಿನಾಲ್ಕು. ಒಂದು ಸಣ್ಣ ಮೇಜಿನಷ್ಟು ಜಾಗದ ಮೇಲೆ ಅಷ್ಟು ಚೀಲ, ಕೆಳಗೆ ಬರೀ ಗಾಳಿ.

ವಿಮಾನವನ್ನು ಬೇಕಾದಷ್ಟು ದೊಡ್ಡದು ಮಾಡಲು ಬಿಡದೆ ಇರುವುದು ಒಂದು ಸರಳ ಲೆಕ್ಕ. ಒಂದು ಇಟ್ಟಿಗೆ ತಗೊಳ್ಳಿ. ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿ. ಅದರ ತಳ ನಾಲ್ಕು ಇಟ್ಟಿಗೆಯ ಜಾಗ ಹಿಡಿಯುತ್ತದೆ, ತೂಕ ಮಾತ್ರ ಎಂಟು ಇಟ್ಟಿಗೆಯದ್ದು. ವಿಮಾನವೂ ಹಾಗೇ. ರೆಕ್ಕೆ ನಾಲ್ಕು ಪಟ್ಟು ಬೆಳೆಯುವಷ್ಟರಲ್ಲಿ ತೂಕ ಎಂಟು ಪಟ್ಟು ಬೆಳೆದಿರುತ್ತದೆ. ಹಾಗಾಗಿ ದೊಡ್ಡ ವಿಮಾನ ಕಟ್ಟುವವರು ಸಣ್ಣದನ್ನು ಹಿಗ್ಗಿಸುವುದಿಲ್ಲ. ಅದೇ ತೂಕಕ್ಕೆ ಇನ್ನಷ್ಟು ಗಟ್ಟಿಯಾದ ವಸ್ತು ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತಾರೆ. ಪ್ರತಿ ದೊಡ್ಡ ವಿಮಾನದ ಹಿಂದೆ ಹೊಸದೊಂದು ವಸ್ತು ಅಥವಾ ಹೊಸದೊಂದು ಎಂಜಿನ್ ಇದೆ ಅನ್ನುವುದು ನಾನು ಕಂಡುಕೊಂಡ ಮಾತು.

ಇದಕ್ಕೆ ಹೊರತಾದದ್ದೂ ಉಂಟು. ಅಮೆರಿಕದ ಹೋವರ್ಡ್ ಹ್ಯೂಸ್ ಯುದ್ಧಕಾಲದಲ್ಲಿ ಲೋಹದ ಅಭಾವ ಅಂತ ಮರದಲ್ಲೇ ದೈತ್ಯ ವಿಮಾನ ಕಟ್ಟಿಸಿದರು. ಎಂಟು ಎಂಜಿನ್, ರೆಕ್ಕೆಯ ಈ ತುದಿಯಿಂದ ಆ ತುದಿಗೆ 97 ಮೀಟರಿಗೂ ಜಾಸ್ತಿ. 1947ರ ನವೆಂಬರ್ 2ರಂದು ಒಂದೇ ಒಂದು ಸಲ, ಮೈಲಿಯಷ್ಟು ದೂರ ಹಾರಿತು. ಮತ್ತೆ ಹಾರಲಿಲ್ಲ. ಇನ್ನೊಂದು ಕಡೆ ಉಕ್ರೇನಿನ ಆಂಟನೋವ್ ಆನ್-225. 1988ರ ಡಿಸೆಂಬರಿನಲ್ಲಿ ಮೊದಲು ಹಾರಿತು. 640 ಟನ್, ಆರು ಎಂಜಿನ್, 32 ಚಕ್ರ. 2016ರ ಮೇ ತಿಂಗಳಲ್ಲಿ ಅದು ಹೈದರಾಬಾದ್‌ನ ಶಂಶಾಬಾದ್‌ನಲ್ಲಿ ಇಳಿದಿತ್ತು, ನಮ್ಮ ರಾಯಚೂರಿಗೆ ಅದೇನು ದೂರವಲ್ಲ. ಇದ್ದದ್ದು ಒಂದೇ ಒಂದು. 2022ರ ಯುದ್ಧದ ಮೊದಲ ದಿನಗಳಲ್ಲೇ ಹೊಸ್ಟೊಮೆಲ್ ವಿಮಾನ ನಿಲ್ದಾಣದಲ್ಲಿ ಸುಟ್ಟುಹೋಯಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ನಿಮಗೆ ಸಮಾಧಾನ ಕೊಡುವ ಒಂದು ವಿಷಯ ಈಗ ಹೇಳುತ್ತೇನೆ. ಉಕ್ಕು ವಿಮಾನದಲ್ಲಿ ಇಲ್ಲವೇ ಇಲ್ಲ ಅಂತ ತಿಳಿಯಬೇಡಿ. ಬೋಯಿಂಗ್ 787ರಲ್ಲಿ ತೂಕದ ನೂರಕ್ಕೆ ಹತ್ತು ಪಾಲು ಉಕ್ಕೇ. ಎಲ್ಲಿದೆ ಗೊತ್ತಾ? ಎಲ್ಲಿ ಹೊಡೆತ ಜಾಸ್ತಿಯೋ, ಎಲ್ಲಿ ಜಾಗ ಕಡಿಮೆಯೋ, ಅಲ್ಲಿ. ಎ380ಕ್ಕೆ ಮೂಗಿನ ಕೆಳಗಿನ ಎರಡು ಬಿಟ್ಟರೆ 20 ಚಕ್ರ. 575 ಟನ್ನನ್ನು ಹಂಚಿ ನೋಡಿ. ಸಂಡೂರಿನ ರಸ್ತೆಯಲ್ಲಿ ಅದಿರು ತುಂಬಿಕೊಂಡು ಹೋಗುವ ಹತ್ತು ಚಕ್ರದ ಲಾರಿ ಇದೆಯಲ್ಲ, ಹತ್ತಿರ ಹತ್ತಿರ ಆ ಇಡೀ ಲಾರಿಯ ತೂಕ ಒಂದೊಂದು ಟೈರಿನ ಮೇಲೆ ಕೂತಂತೆ. ಆ ಭಾರ ಹೊತ್ತ ಕಾಲು, ನೆಲ ಬಿಟ್ಟ ಮೇಲೆ ಮಡಚಿಕೊಂಡು ಹೊಟ್ಟೆಯೊಳಗೆ ಸೇರಬೇಕು. ಅಲ್ಯೂಮಿನಿಯಂನಲ್ಲಿ ಮಾಡಿದರೆ ಕಾಲು ಅಷ್ಟು ದಪ್ಪ ಆಗುತ್ತದೆ, ಒಳಗೆ ಹಿಡಿಯುವುದೇ ಇಲ್ಲ. ಅದಕ್ಕೆ ದೊಡ್ಡ ವಿಮಾನಗಳ ಕಾಲಿಗೆ 300ಎಂ ಥರದ ಉಕ್ಕು. ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ, ಸಿಲಿಕಾನ್ ಸೇರಿಸಿ, ಒಮ್ಮೆ ಕರಗಿಸಿದ್ದನ್ನು ಗಾಳಿಯೇ ಇಲ್ಲದ ಕುಲುಮೆಯಲ್ಲಿ ಮತ್ತೆ ಕರಗಿಸಿ ಮಾಡುತ್ತಾರೆ. ನಿಮ್ಮ ಎಫ್‌ಇ 500 ಕಂಬಿಯ ಮೂರು ಪಟ್ಟಿಗಿಂತ ಜಾಸ್ತಿ ಎಳೆತ ತಡೆಯುತ್ತದೆ. ಕಾರ್ಖಾನೆಯಿಂದ ಸುರುಳಿ ಸುರುಳಿಯಾಗಿ ಹೊರಬರುವ ಹಾಳೆ ಉಕ್ಕಿಗೂ ಇದಕ್ಕೂ ಕುಲ ಒಂದೇ, ಸಂಸ್ಕಾರ ಬೇರೆ.

ಈ ಥರದ ಉಕ್ಕು ಬಲು ನಾಜೂಕು. ಒಂದು ಸಲ ನಮ್ಮ ಲ್ಯಾಬಿಗೆ ಒಂದು ಪ್ಲೇಟಿಂಗ್ ಶಾಪಿನಿಂದ ಬೋಲ್ಟುಗಳು ಬಂದವು. ತುಕ್ಕು ಹಿಡಿಯದಂತೆ ಕ್ಯಾಡ್ಮಿಯಂ ಲೇಪ ಹಾಕಿದ್ದರು. ನೋಡಲು ಬಂಗಾರದ ಬಣ್ಣ, ಥಳಥಳ. ಒಂದನ್ನು ಚೌಕಟ್ಟಿಗೆ ಹಾಕಿ, ಅದು ಹೊರಬೇಕಾದ ಭಾರದ ಮುಕ್ಕಾಲು ಪಾಲಿಗೆ ಬಿಗಿದು, ಸಂಜೆ ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಬೋಲ್ಟಿನ ತಲೆ ನೆಲದ ಮೇಲೆ ಬಿದ್ದಿದೆ. ಯಾರೂ ಮುಟ್ಟಿಲ್ಲ. ರಾತ್ರಿ ಕಾವಲಿಗಿದ್ದವರು ಟಪ್ ಅಂತ ಸದ್ದು ಕೇಳಿಸಿತು ಅಂದರು. ಆಗಿದ್ದು ಇಷ್ಟು. ಲೇಪ ಹಾಕುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಕೂಡಲೇ ಒಲೆಯಲ್ಲಿ 190 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಒಂದು ದಿನ ಇಟ್ಟು ಅದನ್ನು ಹೊರಗೆ ಅಟ್ಟಬೇಕು. ಅವರು ಆ ಹೆಜ್ಜೆ ಬಿಟ್ಟಿದ್ದರು. ಹೈಡ್ರೋಜನ್ ನಿಧಾನಕ್ಕೆ ಬಿಗಿಯಾದ ಜಾಗಕ್ಕೆ ಸರಿದು ಉಕ್ಕನ್ನು ಗಾಜಿನಂತೆ ಸೀಳಿತು. ಇಡೀ ಲಾಟನ್ನು ಗುಜರಿಗೆ ಕಳಿಸಿದೆವು. ಆ ತುಂಡಾದ ತಲೆಯನ್ನು ಬಹಳ ವರ್ಷ ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ, ಹೊಸದಾಗಿ ಸೇರುವ ಹುಡುಗರಿಗೆ ತೋರಿಸಲು.

ಇನ್ನೊಂದು ಥರದ ಒಡೆತ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. ಕಂಬಿ ಕಟ್ಟುವ ಬೈಂಡಿಂಗ್ ವೈರನ್ನು ಎಳೆದು ತುಂಡು ಮಾಡಲು ಆಗಲ್ಲ. ಆ ಕಡೆ ಈ ಕಡೆ ನಾಲ್ಕಾರು ಸಲ ಬಗ್ಗಿಸಿದರೆ ತುಂಡಾಗುತ್ತದೆ. ಲೋಹಕ್ಕೂ ದಣಿವಿದೆ. ಮೇಲೆ ಹಾರುವಾಗ ಕ್ಯಾಬಿನ್ನಿನ ಒಳಗಿನ ಗಾಳಿ ಮೈಯನ್ನು ಒಂದು ಚದರ ಮೀಟರಿಗೆ ಸುಮಾರು 6 ಟನ್ ಬಲದಲ್ಲಿ ಹೊರಗೆ ತಳ್ಳುತ್ತದೆ. ಇಳಿದಾಗ ಆ ಬಲ ಹೋಗುತ್ತದೆ. ಹತ್ತುವುದು, ಇಳಿಯುವುದು, ಬಲೂನು ಉಬ್ಬಿಸಿ ಬಿಟ್ಟಂತೆ ಸಾವಿರಾರು ಸಲ. 1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳು ಎರಡು ಹೀಗೇ ಆಕಾಶದಲ್ಲಿ ಸೀಳಿಹೋದವು. ಮೈಯಲ್ಲಿ ಕೊರೆದ ಚೌಕದ ಮೂಲೆಗಳಲ್ಲಿ, ರಿವೆಟ್ ತೂತಿನ ಪಕ್ಕದಲ್ಲಿ ದಣಿವಿನ ಬಿರುಕು ಹುಟ್ಟಿತ್ತು. ಮುಂದಿನ ಸಲ ವಿಮಾನದಲ್ಲಿ ಕೂತರೆ ಕಿಟಕಿಯ ಮೂಲೆ ನೋಡಿ, ದುಂಡಗಿರುತ್ತದೆ.

ಆ ಬಿರುಕು ಹುಡುಕುವುದೇ ನನ್ನ ಕೆಲಸವಾಗಿತ್ತು. ಭಾಗವನ್ನು ತೊಳೆದು, ಹೊಳೆಯುವ ಬಣ್ಣದ ಎಣ್ಣೆಯಲ್ಲಿ ಅದ್ದಿ, ಮೇಲಿನದನ್ನು ತೊಳೆದು, ಬಿಳಿ ಪುಡಿ ಉದುರಿಸಬೇಕು. ಆಮೇಲೆ ಕತ್ತಲೆ ಕೋಣೆಗೆ ಹೋಗಿ, ಕಣ್ಣು ಕತ್ತಲಿಗೆ ಒಗ್ಗುವ ತನಕ ಸುಮ್ಮನೆ ಕೂರಬೇಕು. ನೇರಳೆ ದೀಪ ಹಾಕಿದರೆ, ಹಗಲಲ್ಲಿ ಕಣ್ಣಿಗೆ ಕಾಣದ ಬಿರುಕು ಹಸಿರು ಕೂದಲಿನಂತೆ ಹೊಳೆಯುತ್ತದೆ. ಮೊದಲ ಸಲ ಅದನ್ನು ಕಂಡಾಗ ನನಗೆ ಮೈ ಜುಮ್ ಅಂದಿತ್ತು.

ನೀವು ಪ್ಲಾಸ್ಟಿಕ್ಕಿನಂಥದ್ದು ಅಂದಿದ್ದು ಕಾರ್ಬನ್ ಫೈಬರ್ ಇರಬೇಕು. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕೊಪ್ಪಳದ ಕಿನ್ನಾಳಕ್ಕೆ ಹೋದರೆ ಸಾಕು. ಅಲ್ಲಿನ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆ ಕೆತ್ತುತ್ತಾರೆ. ಆಮೇಲೆ ಗೋಣಿಯ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜತೆ ಕಲಸಿ ಕಿಟ್ಟ ಮಾಡಿಕೊಂಡು ಮೈಗೆ ಹಚ್ಚುತ್ತಾರೆ. ಅಂಟು ಒಂದೇ ಇದ್ದರೆ ಒಣಗಿ ಬಿರಿಯುತ್ತದೆ. ನಾರು ಒಂದೇ ಇದ್ದರೆ ನಿಲ್ಲಲ್ಲ. ಎರಡೂ ಸೇರಿದರೆ ಗಟ್ಟಿ, ಹಗುರ. ಬೋಯಿಂಗ್ 787 ಮತ್ತು ಏರ್‌ಬಸ್ ಎ350 ವಿಮಾನಗಳ ತೂಕದ ಅರ್ಧ ಇದೇ ಕುಲದ ವಸ್ತು. ನಾರಿನ ಜಾಗದಲ್ಲಿ ಕೂದಲಿನ ಹತ್ತನೇ ಒಂದು ಭಾಗದಷ್ಟು ಸಪೂರವಾದ ಕಾರ್ಬನ್ ಎಳೆ, ಹುಣಸೆ ಅಂಟಿನ ಜಾಗದಲ್ಲಿ ಎಪಾಕ್ಸಿ. ಎಳೆಗಳನ್ನು ಪದರ ಪದರವಾಗಿ, ಒಂದು ಪದರ ಉದ್ದಕ್ಕೆ, ಒಂದು ಅಡ್ಡಕ್ಕೆ, ಒಂದು ಓರೆಗೆ ಹಾಸಿ, ದೊಡ್ಡ ಪ್ರೆಶರ್ ಕುಕ್ಕರಿನಂಥ ಒಲೆಯಲ್ಲಿ ಬೇಯಿಸುತ್ತಾರೆ. ಒಂದು ಘನ ಸೆಂಟಿಮೀಟರಿಗೆ 1.6 ಗ್ರಾಂ ಅಷ್ಟೇ. ಬಲ ಎಲ್ಲಿ ಯಾವ ಕಡೆಗೆ ಬೀಳುತ್ತದೋ ಆ ಕಡೆಗೇ ಎಳೆ ಹಾಸಬಹುದು. ಲೋಹದಲ್ಲಿ ಈ ಅನುಕೂಲ ಇಲ್ಲ. ನಮ್ಮ ತೇಜಸ್ ಯುದ್ಧವಿಮಾನದಲ್ಲೂ ಇದು ಬಹಳ ಇದೆ.

ಎ380ರ ಮೈಯ ಮೇಲ್ಭಾಗದಲ್ಲಿ ಇವೆರಡರ ನಡುವಿನದ್ದೊಂದಿದೆ. ಕಾಗದದಷ್ಟು ತೆಳ್ಳಗಿನ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಗಾಜಿನ ಎಳೆ, ಮತ್ತೆ ಅಲ್ಯೂಮಿನಿಯಂ. ಹೆಸರು ಗ್ಲೇರ್. ಒಂದು ಹಾಳೆಯಲ್ಲಿ ಬಿರುಕು ಬಿಟ್ಟರೂ ಗಾಜಿನ ಎಳೆಗಳು ಅದನ್ನು ಹಿಡಿದುಕೊಳ್ಳುತ್ತವೆ, ಮುಂದೆ ಓಡಲು ಬಿಡುವುದಿಲ್ಲ.

ಕಾರ್ಬನ್‌ಗೂ ಹಠ ಇದೆ. ಅಲ್ಯೂಮಿನಿಯಂ ಅದನ್ನು ನೇರ ಮುಟ್ಟಿದರೆ, ಸ್ವಲ್ಪ ತೇವ ಸಿಕ್ಕರೂ ಸಾಕು, ಬ್ಯಾಟರಿ ಆಗಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಹಾಗಾಗಿ ಕೀಲುಗಳಲ್ಲಿ ಟೈಟೇನಿಯಂ ಬೇಕು. 787ರಲ್ಲಿ ಟೈಟೇನಿಯಂ ನೂರಕ್ಕೆ ಹದಿನೈದು ಪಾಲಿಗೆ ಏರಲು ಇದೂ ಒಂದು ಕಾರಣ. ಸಿಡಿಲು ಬಡಿದರೆ ಕರೆಂಟು ಹರಿದುಹೋಗಲು ಮೈಯ ಮೇಲ್ಪದರದಲ್ಲಿ ಲೋಹದ ಜಾಲರಿ ಹಾಸಬೇಕು. ಒಂದು ಸಮಸ್ಯೆ ಬಿಡಿಸಿದರೆ ಪಕ್ಕದಲ್ಲಿ ಇನ್ನೊಂದು ಎದ್ದು ನಿಲ್ಲುತ್ತದೆ, ಈ ಕೆಲಸದ ರುಚಿಯೇ ಅದು.

ಎಂಜಿನ್ನಿಗೆ ಬರೋಣ. ಎಂಜಿನ್ ಭಾರ ಎತ್ತುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಎತ್ತುವುದು ರೆಕ್ಕೆ. ಎಂಜಿನ್ ಮುಂದಕ್ಕೆ ತಳ್ಳುತ್ತದೆ ಅಷ್ಟೆ. ಎ380ರ ನಾಲ್ಕೂ ಎಂಜಿನ್ ಸೇರಿದರೆ ತಳ್ಳುವ ಬಲ ಸುಮಾರು 125 ಟನ್, ತೂಕದ ಕಾಲು ಭಾಗಕ್ಕಿಂತ ಕಡಿಮೆ. ಮೇಲೆ ಏರಿ ನೇರ ಹಾರುವಾಗ ಅಷ್ಟೂ ಬೇಕಾಗಲ್ಲ.

ಆನೆಗೊಂದಿಯಲ್ಲಿ ಹರಿಗೋಲು ಹತ್ತಿದ್ದೀರಾ? ಅಗಲ ಹುಟ್ಟಿನಿಂದ ನಿಧಾನಕ್ಕೆ ಬಹಳ ನೀರನ್ನು ತಳ್ಳಿದರೆ ಹರಿಗೋಲು ಆರಾಮಾಗಿ ಹೋಗುತ್ತದೆ. ಅದೇ ಸಪೂರ ಕೋಲಿನಿಂದ ಜೋರಾಗಿ ಬಡಿದರೆ ತೋಳು ಸೋಲುತ್ತದೆ, ಹರಿಗೋಲು ಅಲ್ಲೇ ಇರುತ್ತದೆ. ಜೆಟ್ ಎಂಜಿನ್ನಿನ ಲೆಕ್ಕವೂ ಇದೇ. ಹಳೆಯ ಎಂಜಿನ್‌ಗಳು ಸ್ವಲ್ಪ ಗಾಳಿಯನ್ನು ಬಹಳ ಜೋರಾಗಿ ಹಿಂದಕ್ಕೆ ಉಗುಳುತ್ತಿದ್ದವು. 1969ರಲ್ಲಿ ಬೋಯಿಂಗ್ 747 ಹಾರಿದ್ದು ಮುಂದೆ ದೊಡ್ಡ ಫ್ಯಾನ್ ಇರುವ ಎಂಜಿನ್ ಬಂದದ್ದರಿಂದ. ಉರಿಯುವ ಒಳಭಾಗಕ್ಕೆ ಒಂದು ಪಾಲು ಗಾಳಿ ಹೋದರೆ, ಐದು ಪಾಲು ಹೊರಗಿನಿಂದ ಸುತ್ತಿ ಹಿಂದಕ್ಕೆ ಹೋಗುತ್ತಿತ್ತು. ಈಗಿನ ದೊಡ್ಡ ಎಂಜಿನ್‌ಗಳಲ್ಲಿ ಅದು ಹತ್ತು ಪಾಲಿನ ಹತ್ತಿರ. ಜಿಇ9ಎಕ್ಸ್ ಅನ್ನುವ ಎಂಜಿನ್ನಿನ ಫ್ಯಾನಿಗೆ 3.4 ಮೀಟರ್ ಅಗಲ. ಎತ್ತರದ ಆಳು ಅದರ ಮುಂದೆ ಕೈ ಎತ್ತಿ ನಿಂತರೂ ಮೇಲಂಚು ಮುಟ್ಟಲ್ಲ. ಪರೀಕ್ಷೆಯಲ್ಲಿ ಒಂದೇ ಎಂಜಿನ್ ಸುಮಾರು 61 ಟನ್ ತಳ್ಳಿದೆ.

ಇಂಥ ಫ್ಯಾನಿನ ಅಲಗು ಮಾಡುವುದೂ ಸುಲಭ ಅಲ್ಲ. ರೋಲ್ಸ್-ರಾಯ್ಸ್ ಕಂಪನಿ 1960ರ ದಶಕದ ಕೊನೆಗೆ ಕಾರ್ಬನ್ ಎಳೆಯ ಅಲಗು ಮಾಡಲು ಹೋಯಿತು. ಹಕ್ಕಿ ಬಡಿದರೆ ಏನಾಗುತ್ತದೆ ಅನ್ನುವ ಪರೀಕ್ಷೆಯಲ್ಲಿ ಅಲಗು ಚೂರಾಯಿತು. ಟೈಟೇನಿಯಂಗೆ ತಿರುಗಬೇಕಾಯಿತು, ಖರ್ಚು ಕೈಮೀರಿತು, 1971ರ ಫೆಬ್ರವರಿಯಲ್ಲಿ ಕಂಪನಿಯೇ ದಿವಾಳಿ ಆಯಿತು. ಸರ್ಕಾರ ಕೈಹಿಡಿದು ಉಳಿಸಿತು. ಕಾಲು ಶತಮಾನದ ನಂತರ ಬೋಯಿಂಗ್ 777ಕ್ಕಾಗಿ ಬಂದ ಜಿಇ90 ಎಂಜಿನ್ನಿನಲ್ಲಿ ಕಾರ್ಬನ್ ಅಲಗು ಗೆದ್ದಿತು. ಮುಂದಿನ ಅಂಚಿಗೆ ಟೈಟೇನಿಯಂ ತೊಡಿಸಿದ್ದು ಅದಕ್ಕೆ ನೆರವಾಯಿತು.

ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಫ್ಯಾನ್ ಅಲ್ಲ, ಒಳಗೆ ಉರಿದ ಬಿಸಿ ಗಾಳಿಯ ಹೊಡೆತಕ್ಕೆ ತಿರುಗುವ ಟರ್ಬೈನಿನ ಅಲಗು. ನನ್ನ ಹತ್ತಿರ ಒಂದಿದೆ, ಆಯುಷ್ಯ ಮುಗಿದು ತೆಗೆದುಹಾಕಿದ್ದು. ನಡುಬೆರಳಿಗಿಂತ ಸ್ವಲ್ಪ ಉದ್ದ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ತೂಕ. ಬುಡ ದೇವದಾರು ಮರದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದಿದೆ, ಟರ್ಬೈನ್ ಚಕ್ರದ ಅಂಚಿನ ತೋಡಿನಲ್ಲಿ ಕೂರಲು. ಬೆಳಕಿಗೆ ಹಿಡಿದರೆ ಮೈತುಂಬ ಸೂಜಿಮೊನೆಯಂಥ ತೂತುಗಳು. ಮುಂದಿನ ಅಂಚು ಹೊಗೆಗೆ ಕಂದಿ, ಮೇಲಿನ ಕೆನೆಬಣ್ಣದ ಲೇಪ ಅಲ್ಲಲ್ಲಿ ಎದ್ದುಹೋಗಿದೆ.

ನೀವು ಕಾರ್ಖಾನೆಯಲ್ಲಿ ಲ್ಯಾಡಲ್‌ನಲ್ಲಿ ಕರಗಿದ ಉಕ್ಕನ್ನು ನೋಡಿರುತ್ತೀರಿ. ಅದರ ಬಿಸಿ ಸುಮಾರು 1,600 ಡಿಗ್ರಿ. ದೊಡ್ಡ ಎಂಜಿನ್ನಿನಲ್ಲಿ ಈ ಅಲಗಿಗೆ ಬಡಿಯುವ ಗಾಳಿಯ ಬಿಸಿಯೂ ಅಷ್ಟೇ. ಅಲಗಿನ ನಿಕಲ್ ಮಿಶ್ರಲೋಹ 1,300 ದಾಟಿದ ಸ್ವಲ್ಪ ಹೊತ್ತಿಗೆ ಕರಗಲು ಶುರುವಾಗುತ್ತದೆ. ಜತೆಗೆ ನಿಮಿಷಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಸುತ್ತು. ಆ ಸುತ್ತಿನಲ್ಲಿ ಅಂಗೈಯಷ್ಟು ಅಲಗನ್ನು ಹೊರಗೆ ಎಳೆಯುವ ಬಲ ಹತ್ತು ಟನ್ನಿಗೂ ಜಾಸ್ತಿ. ಅದರ ತುದಿಗೆ ಒಂದು ಬಸ್ಸು ಜೋತುಬಿದ್ದ ಹಾಗೆ. ಹೋಲಿಕೆಗೆ ನೋಡಿ, ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದ 210 ಮೆಗಾವಾಟ್ ಟರ್ಬೈನಿಗೆ ಹೋಗುವ ಹಬೆಯ ಬಿಸಿ 540 ಡಿಗ್ರಿಯ ಹತ್ತಿರ, ಸುತ್ತು ನಿಮಿಷಕ್ಕೆ 3,000.

ಹಾಗಾದರೆ ಅಲಗು ಕರಗದೆ ಉಳಿಯುವುದು ಹೇಗೆ? ಜೋಳದ ರೊಟ್ಟಿಗೆ ಹಂಚು ಕಾದಿದೆಯಾ ಅಂತ ಅಮ್ಮ ನೀರು ಚಿಮುಕಿಸುತ್ತಾರಲ್ಲ, ಚೆನ್ನಾಗಿ ಕಾದಿದ್ದರೆ ಹನಿ ಆರದೆ ಕುಣಿಯುತ್ತದೆ. ಹನಿಗೂ ಹಂಚಿಗೂ ನಡುವೆ ಹಬೆಯ ಒಂದು ತೆಳು ಪದರ ಹುಟ್ಟಿ, ಬಿಸಿ ಹನಿಯನ್ನು ಮುಟ್ಟಲು ಬಿಡುವುದಿಲ್ಲ. ಅಲಗಿನ ತೂತುಗಳ ಕೆಲಸವೂ ಅದೇ. ಎಂಜಿನ್ನಿನ ಮುಂದಿನ ಭಾಗದಿಂದ ತಂಪು ಗಾಳಿ ತಂದು ಅಲಗಿನ ಒಳಗಿನ ಓಣಿಗಳಲ್ಲಿ ಹರಿಸಿ, ತೂತುಗಳಿಂದ ಹೊರಗೆ ಬಿಡುತ್ತಾರೆ. ಮೈಗೆ ಗಾಳಿಯ ಹೊದಿಕೆ ಬೀಳುತ್ತದೆ. ತಂಪು ಗಾಳಿ ಅಂದೆನಲ್ಲ, ಅದೇ 600 ಡಿಗ್ರಿ ಇರುತ್ತದೆ! ಜತೆಗೆ ಅಲಗಿನ ಮೈಗೆ ಜಿರ್ಕೋನಿಯಾ ಅನ್ನುವ, ಬಿಸಿ ತಡೆಯುವ ಪಿಂಗಾಣಿಯಂಥ ವಸ್ತುವಿನ ಲೇಪ.

ಇಷ್ಟಾದರೂ ಲೋಹ ಬಿಸಿಯಲ್ಲಿ ನಿಧಾನಕ್ಕೆ ಹಿಗ್ಗುತ್ತದೆ. ಲೋಹ ಅಂದರೆ ಸಣ್ಣ ಸಣ್ಣ ಹರಳುಗಳ ರಾಶಿ. ಹರಳು ಹರಳಿನ ನಡುವಿನ ಸಂದಿ ಮೊದಲು ಜಾರುವುದು. ಸಂದಿಯೇ ಇಲ್ಲದಂತೆ ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ದರೆ? ಹಾಗೇ ಮಾಡುತ್ತಾರೆ. ದೇವರ ಮೂರ್ತಿ ಹೊಯ್ಯುವ ರೀತಿಯಲ್ಲೇ ಮೊದಲು ಮೇಣದ ಅಚ್ಚು, ಮೇಲೆ ಪಿಂಗಾಣಿಯ ಕವಚ, ಆಮೇಲೆ ಮೇಣ ಕರಗಿಸಿ ತೆಗೆದು ಲೋಹ ಹೊಯ್ಯುವುದು. ಅಚ್ಚಿನ ಬುಡದಲ್ಲಿ ಹಂದಿಬಾಲದಂತೆ ಸುರುಳಿಯಾದ ಸಣ್ಣ ದಾರಿ ಇರುತ್ತದೆ. ಕೆಳಗೆ ಹುಟ್ಟಿದ ನೂರಾರು ಹರಳುಗಳಲ್ಲಿ ಒಂದು ಮಾತ್ರ ಆ ಸುರುಳಿ ದಾಟಿ ಮೇಲೆ ಬರುತ್ತದೆ. ಅಚ್ಚನ್ನು ಕುಲುಮೆಯಿಂದ ಬಲು ನಿಧಾನಕ್ಕೆ ಕೆಳಗೆ ಇಳಿಸುತ್ತ ಹೋದರೆ ಆ ಒಂದೇ ಹರಳು ಇಡೀ ಅಲಗಾಗಿ ಬೆಳೆಯುತ್ತದೆ. ಜಗತ್ತಿನಲ್ಲಿ ಇದು ಬರುವ ದೇಶಗಳು ಬೆರಳೆಣಿಕೆ. 2021ರಲ್ಲಿ ಹೈದರಾಬಾದ್‌ನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯ, ಹೆಲಿಕಾಪ್ಟರ್ ಎಂಜಿನ್ನಿಗಾಗಿ ಇಂಥ 60 ಅಲಗು ಮಾಡಿ ಎಚ್‌ಎಎಲ್‌ಗೆ ಕೊಟ್ಟಿತು. ನನ್ನಂಥವರಿಗೆ ಅದು ಹಬ್ಬದ ದಿನ.

ಸಣ್ಣ ತಪ್ಪು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಒಂದು ಘಟನೆ. 2010ರ ನವೆಂಬರ್ 4. ಸಿಂಗಾಪುರದಿಂದ ಸಿಡ್ನಿಗೆ ಹೊರಟ ಕ್ವಾಂಟಾಸ್ ಎ380ರ ಒಂದು ಎಂಜಿನ್ ಒಡೆಯಿತು. ಟರ್ಬೈನಿನ ಗಾಲಿಯೇ ತುಂಡಾಗಿ ರೆಕ್ಕೆಯನ್ನು ತೂರಿಕೊಂಡು ಹೋಯಿತು. ಒಳಗೆ 469 ಜನ. ಕಾರಣ, ಕೀಲೆಣ್ಣೆ (ಆಯಿಲ್) ಸಾಗಿಸುವ ಒಂದು ಪುಟ್ಟ ಕೊಳವೆ. ಅದರ ಒಳಗೆ ತೂತು ಕೊರೆಯುವಾಗ ನಡುವೆ ಸರಿಯಾಗಿ ಕೂರದೆ ಒಂದು ಪಕ್ಕಕ್ಕೆ ಸರಿದಿತ್ತು. ಆ ಪಕ್ಕದ ಗೋಡೆ ತೆಳುವಾಯಿತು, ದಣಿವಿನ ಬಿರುಕು ಬಿಟ್ಟಿತು, ಎಣ್ಣೆ ಸೋರಿ ಬೆಂಕಿ ಹತ್ತಿತು, ಗಾಲಿ ಸುಟ್ಟು ಸಡಿಲವಾಯಿತು. ಪೈಲಟ್‌ಗಳ ಜಾಣತನದಿಂದ ವಿಮಾನ ಸಿಂಗಾಪುರಕ್ಕೇ ವಾಪಸ್ ಇಳಿಯಿತು, ಒಬ್ಬರಿಗೂ ಏನೂ ಆಗಲಿಲ್ಲ. ನೀವು ಫಿಟ್ಟರ್, ನಿಮಗೆ ಇದು ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಡ್ರಿಲ್ ಸೆಂಟರ್ ತಪ್ಪಿದರೆ ಏನಾಗುತ್ತದೆ ಅಂತ ನಿಮ್ಮ ಕೈಗೇ ಗೊತ್ತು ಅಲ್ವಾ?

ಕೊನೆಗೆ ಒಂದು ವಿಷಯ. ನೀವು ನೋಡಿದ ಎ380ರಂಥದ್ದನ್ನು ಈಗ ಯಾರೂ ಕಟ್ಟುತ್ತಿಲ್ಲ. ಕೊನೆಯ ಎ380 ಗಿರಾಕಿಯ ಕೈಸೇರಿದ್ದು 2021ರ ಡಿಸೆಂಬರಿನಲ್ಲಿ, ಕೊನೆಯ 747 ಹೋದದ್ದು 2023ರ ಜನವರಿಯಲ್ಲಿ. ಎಂಜಿನ್ ಇಷ್ಟು ದೊಡ್ಡದಾಗಿ, ಇಷ್ಟು ನಂಬಿಕಸ್ತವಾಗಿ ಬೆಳೆಯಿತು ಅಂದರೆ, ನಾಲ್ಕು ಮಾಡುವ ಕೆಲಸವನ್ನು ಎರಡೇ ಮಾಡತೊಡಗಿದವು. ಮೊದಲ 747ರ ನಾಲ್ಕು ಎಂಜಿನ್ ಸೇರಿ ತಳ್ಳುತ್ತಿದ್ದದ್ದು ಸುಮಾರು 79 ಟನ್. ಬೋಯಿಂಗ್ 777-300ಇಆರ್‌ನ ಎರಡೇ ಎಂಜಿನ್ 104 ಟನ್ ತಳ್ಳುತ್ತವೆ. ನಾಲ್ಕರ ಎಣ್ಣೆ, ನಾಲ್ಕರ ರಿಪೇರಿ ಯಾಕೆ ಅಂತ ವಿಮಾನ ಕಂಪನಿಗಳು ಕೇಳಿದವು.

ಕಾರ್ಬನ್ ರೆಕ್ಕೆ ನೋಡಲು ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ. ಉಡಾನ್ ಯೋಜನೆ ಶುರುವಾದಾಗ ನಿಮ್ಮ ಪಕ್ಕದ ವಿದ್ಯಾನಗರ ಏರ್‌ಪೋರ್ಟಿಗೆ ಎಟಿಆರ್ 72 ಬರುತ್ತಿತ್ತಲ್ಲ, ಎರಡು ಫ್ಯಾನ್ ತಿರುಗಿಸಿಕೊಂಡು. ಪೂರ್ತಿ ತುಂಬಿದರೂ ತೂಕ 23 ಟನ್ ಅಷ್ಟೇ. ಪ್ರಯಾಣಿಕರ ವಿಮಾನದ ರೆಕ್ಕೆಯ ಮುಖ್ಯ ಭಾಗಕ್ಕೆ ಕಾರ್ಬನ್ ಎಳೆ ಮೊದಲು ಬಂದದ್ದು ಅದರಲ್ಲೇ, 1989ರಲ್ಲಿ. ಎಂಜಿನ್ನಿನಿಂದ ಆಚೆಗಿನ ರೆಕ್ಕೆಯ ಮುಖ್ಯ ಭಾಗ ಅದೇ. ಮುಂದೆ ಎಲ್ಲಾದರೂ ಎಟಿಆರ್ ಹತ್ತುವಾಗ ಆ ಜಾಗ ಗಮನಿಸಿ. ಬಳ್ಳಾರಿ ಕಡೆ ಬಂದರೆ ಮನೆಗೆ ಬನ್ನಿ, ಅಲಗನ್ನು ಕೈಯಲ್ಲಿ ಹಿಡಿದು ನೋಡುವಿರಂತೆ.